ಬೆಸೆದ ಅಚ್ಚು

ಮುನಸೀಫರು ತಲೆಯೆತ್ತಿ ಕಿಟಕಿಯ ಕಡೆ ನೋಡಿದ್ದು ಒಂದೇ ಗಳಿಗೆ. ಆದರೆ ಮಧ್ಯಾಹ್ನ ಮನೆಗೆ ಬಂದು ರುಮಾಲು ತೆಗೆದು ಗೂಟಕ್ಕೆ ಸಿಕ್ಕಿಸುವಾಗಲೂ ಪ್ರಹ್ಲಾದರಾಯನ ಕಣ್ಣ ಮುಂದಿನಿಂದ ಆ ನೋಟ ಹೋಗಿರಲಿಲ್ಲ. ಅವನು ಸಂಗನಕಲ್ಲಿನ ಒಬ್ಬ ಮುದುಕನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಿದ್ದ. ಮುದುಕ ಉತ್ತರಕ್ಕೆ ತಡಕಾಡಿ, ಇನ್ನೇನು ಬಾಯಿಬಿಡಬೇಕು, ಅಷ್ಟರಲ್ಲಿ ಹೊರಗೆ ಅವನ ಕುದುರೆಗಾಡಿ ಹೊಡೆಯುವ ಜಡೆಪ್ಪ ಅದನ್ನು ಬಿಸಿಲಿನಿಂದ ಬೇವಿನ ಮರದ ನೆರಳಿಗೆ ಸರಿಸಿದ. ಎಣ್ಣೆ ಕಾಣದೆ ವರ್ಷವಾದ ಬಾವಿಯ ರಾಟೆಯ ಹಾಗೆ ಅದು ಉದ್ದಕ್ಕೆ ಕಿರುಗುಟ್ಟಿ, ಕೊನೆಗೆ ಟಪ್ಪೆಂದು ಸದ್ದು ಮಾಡಿ ನಿಂತಿತು. ಸಾಕ್ಷಿ ಬಾಯಿ ಮುಚ್ಚಿಕೊಂಡ. ಮುನಸೀಫರು ಕಿಟಕಿಯ ಕಡೆ ನೋಡಿದರು. ಎದುರು ಪಕ್ಷದ ವಕೀಲ, ಮೀಸೆ ಇನ್ನೂ ಸರಿಯಾಗಿ ಬಲಿಯದವನು, "ಅದು ನಮ್ಮ ರಾಯರ ಸಾರೋಟು" ಎಂದು ಬಹಳ ವಿನಯದಿಂದ ತಿಳಿಸಿದ. ಯಾರೂ ಜೋರಾಗಿ ನಗಲಿಲ್ಲ. ನಕ್ಕಿದ್ದರೆ ಅವನಿಗೂ ನಕ್ಕುಬಿಡಲು ದಾರಿಯಿರುತ್ತಿತ್ತು. ಬದಲಿಗೆ ಎಲ್ಲರೂ ಮರ್ಯಾದೆಯಿಂದ ಕಾಗದಗಳ ಮೇಲೆ ತಲೆ ಬಗ್ಗಿಸಿದರು. ಆ ಮರ್ಯಾದೆ ಅವನ ಕಿವಿಯ ಹಿಂದೆ ಬಿಸಿಯಾಗಿ ಹತ್ತಿಕೊಂಡು ಕೂತಿತು.

ಇದೇ ಗಾಡಿ ಸಾವಿರದ ಎಂಟುನೂರ ಎಂಬತ್ತೊಂದನೇ ಇಸವಿಯಲ್ಲಿ ಮೊದಲ ಸಲ ಬಳ್ಳಾರಿಯ ಬ್ರೂಸ್ ಪೇಟೆಯ ಓಣಿಯೊಳಗೆ ತಿರುಗಿದಾಗ ಜನ ಜಗಲಿಗೆ ಬಂದು ನಿಂತಿದ್ದರು. ದಂಡಿನಲ್ಲಿದ್ದ ಒಬ್ಬ ಇಂಜಿನಿಯರ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಸಾಮಾನುಗಳ ಜೊತೆ ಅದನ್ನೂ ಮಾರಿಹೋಗಿದ್ದ. ಕಡುಗಂದು ಬಣ್ಣ, ಎರಡು ಹಿತ್ತಾಳೆಯ ಲಾಟೀನು, ಕೂತರೆ ಒಳಗೆಳೆದುಕೊಳ್ಳುವ ಚರ್ಮದ ಗಾದಿ, ಅಡಿಯಲ್ಲಿ ಉಕ್ಕಿನ ಕಮಾನು. ಓಣಿಯಲ್ಲಿ ಗಾಡಿ ಇಟ್ಟ ಮೊದಲ ವಕೀಲ ಅವನೇ. ಆ ದಿನ ಕಮಾನಿನ ಮೇಲೆ ಮೈ ಮೆಲ್ಲಗೆ ತೂಗುತ್ತಿದ್ದಾಗ ತಾನು ಮನುಷ್ಯನಾಗಿಯೇ ಬೇರೆ ಆದೆನೆಂದು ಅವನಿಗೆ ಅನ್ನಿಸಿತ್ತು. ಒಂಬತ್ತು ವರ್ಷಗಳ ಮೇಲೆ ಈಗ ಕೋರ್ಟಿನ ಜವಾನರು ಅದರ ಸದ್ದು ಕೇಳಿ, ನೋಡದೆಯೇ, "ಕಿರ್ರಣ್ಣ ಬಂದ್ರು" ಅನ್ನುತ್ತಾರೆಂದು ಅವನಿಗೆ ಗೊತ್ತಿತ್ತು.

ಗಾಡಿ ಬದಲಿಸಬೇಕು. ಅದರಲ್ಲಿ ಅನುಮಾನವಿರಲಿಲ್ಲ. ಹೇಗೆಂಬುದೇ ಎರಡು ವಾರದಿಂದ ಒಳಗೆ ಕೊರೆಯುತ್ತಿತ್ತು. ಕೌಲ್ ಬಜಾರಿನಲ್ಲಿ ಗಾಡಿ ಕಟ್ಟುವ ಎರ್ರಣ್ಣ ಹಳೆಯದನ್ನು ಹಾಕಿಕೊಂಡು ಹೊಸದು ಕೊಡುತ್ತೇನೆಂದಿದ್ದ. ಕುರುಗೋಡಿನ ಹತ್ತಿ ವ್ಯಾಪಾರಿ ಮರಿಬಸಪ್ಪ, ಹಿಂದೆ ಪ್ರಹ್ಲಾದರಾಯನ ಕಕ್ಷಿದಾರನಾಗಿದ್ದವನು, ನೇರವಾಗಿ ತಾನೇ ಕೊಳ್ಳುತ್ತೇನೆಂದು ಹೇಳಿಕಳಿಸಿದ್ದ. ಅವನ ತಾಯಿ ಗಾದೆಮ್ಮನಿಗೆ ಮೊಣಕಾಲು ಹೋಗಿತ್ತು. ಎತ್ತಿನ ಬಂಡಿಯ ಕುಲುಕಾಟ ತಡೆಯುವುದಿಲ್ಲ, ಕಮಾನಿನ ಗಾಡಿಯೇ ಬೇಕು. ಎರ್ರಣ್ಣ ಕೊಡುವುದರ ಎರಡರಷ್ಟನ್ನಾದರೂ ಮರಿಬಸಪ್ಪ ಕೊಡುತ್ತಿದ್ದ. ಲೆಕ್ಕ ಇಷ್ಟೇ ಆಗಿದ್ದರೆ ಯೋಚಿಸುವುದೇ ಇರಲಿಲ್ಲ.

"ಬಡಿಸಲೇನು?" ಎಂದು ವಿಜಯಾಬಾಯಿ ಒಳಗಿನಿಂದ ಕೇಳಿದಳು.

ಅವನು ಎಲೆಯ ಮುಂದೆ ಕೂತ. ಹೆಂಡತಿ ಹುಳಿಯ ಪಾತ್ರೆಯನ್ನು ನೆಲಕ್ಕಿಟ್ಟು, ಬಗ್ಗಿ, ಬಲಗೈಯಲ್ಲಿ ಸೌಟು ಹಿಡಿದು ಬಡಿಸಿದಳು. ಪಾತ್ರೆ ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಬಡಿಸುವುದು ಎರಡು ವರ್ಷದಿಂದ ಅವಳಿಗೆ ಆಗುತ್ತಿರಲಿಲ್ಲ. ಮಣಿಕಟ್ಟಿನ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು. ಬಳೆಗಳು ಅಲ್ಲಿ ಒಂದರ ಮೇಲೊಂದು ಓರೆಯಾಗಿ ನಿಲ್ಲುತ್ತಿದ್ದವು. ಊಟಕ್ಕೆ ಕೂತಾಗಲೆಲ್ಲ ಅವನು ಎಲೆಯನ್ನೇ ನೋಡುತ್ತಿದ್ದ. ಎಲೆಯನ್ನು ನೋಡಿದರೂ ಪಾತ್ರೆ ನೆಲಕ್ಕೆ ತಾಗುವ ಸದ್ದು ಕೇಳುತ್ತಿತ್ತು. ಎರಡು ವರ್ಷದ ಹಿಂದಿನ ಆ ಬುಧವಾರ ಸಂಜೆ ಅವಳ ತವರು ಸಿರುಗುಪ್ಪದಿಂದ ಆಳು ಬಂದಾಗಲೂ ಅವಳು ಇಲ್ಲೇ ಬಡಿಸುತ್ತಿದ್ದಳು. ಅವಳ ತಾಯಿಗೆ ಜಡ್ಡು ಜೋರಾಗಿದೆ, ತಕ್ಷಣ ಹೊರಟು ಬರಬೇಕು. ಅವಳು ಸೌಟು ಕೆಳಗಿಟ್ಟು ಗೋಡೆ ಹಿಡಿದುಕೊಂಡಿದ್ದಳು. ಅವನು ಗಾಡಿಗೆ ಎಣ್ಣೆ ಹಾಕಿಸಿಕೊಂಡು ಬರಲು ಜಡೆಪ್ಪನ ಜೊತೆ ಎರ್ರಣ್ಣನ ಕುಲುಮೆಗೆ ಹೋದ. ಎರ್ರಣ್ಣ ಅಡಿಯಲ್ಲಿ ದೀಪ ಹಿಡಿದು ನೋಡಿ, "ಅಚ್ಚು ಸೀಳೈತಿ ರಾಯರ. ಊರಾಗ ಬೇಕಾದ್ರ ತಿರುಗಾಡ್ರಿ. ಸಿರುಗುಪ್ಪ ಅಂದ್ರ ಬ್ಯಾಡ" ಅಂದಿದ್ದ. ಪಕ್ಕದ ಮನೆಯವರ ದಮನಿ ಬಂಡಿ ಇತ್ತು, ಎತ್ತೂ ಇದ್ದವು, ಕೇಳಿದರೆ ಕೊಡುತ್ತಿದ್ದರು.

ಅವನು ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂಬುದನ್ನು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಮದುವೆಯಾದ ಹೊಸದರಲ್ಲಿ, ಇನ್ನೂ ಓದುತ್ತಿದ್ದಾಗ, ಒಮ್ಮೆ ದೀಪಾವಳಿಗೆ ಬಂಡಿಗೆ ದುಡ್ಡಿಲ್ಲದೆ ಅರ್ಧ ದಾರಿ ನಡೆದುಕೊಂಡು ಮಾವನ ಮನೆ ಸೇರಿದ್ದ. ಪಡಸಾಲೆಯಲ್ಲಿ ಹತ್ತು ಜನ ಕೂತಿದ್ದರು. ಹೆಂಡತಿಯ ಅಣ್ಣ ಅವನ ಧೂಳುಗಾಲುಗಳನ್ನು ನೋಡಿ, "ಅಳಿಯಂದಿರು ನಡಕೊಂಡೇ ಬಂದ್ರೇನು?" ಎಂದು ಕೇಳಿದ. ಕೇಳಿದ್ದು ಅಷ್ಟೇ. ಒಬ್ಬ ಮುದುಕಿ ಸಾಯುತ್ತಿದ್ದಾಳೆಂದು ಸುದ್ದಿ ಬಂದ ಆ ಸಂಜೆ ಪ್ರಹ್ಲಾದರಾಯನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಮುದುಕಿಯ ಮುಖವಲ್ಲ. ತನ್ನ ಸಾರೋಟು ಆ ಓಣಿಗೆ ತಿರುಗಿ ಆ ಪಡಸಾಲೆಯ ಮುಂದೆ ನಿಲ್ಲುವ ಚಿತ್ರ. ಗುರುವಾರ ಬೆಳಿಗ್ಗೆ ಹೊರಟರು. ಅರ್ಧ ದಾರಿಯಲ್ಲಿ, ಎರಡೂ ಕಡೆ ಹತ್ತಿ ಬಿರಿದು ಬೆಳ್ಳಗೆ ನಿಂತಿದ್ದ ಹೊಲಗಳ ನಡುವೆ, ಅಚ್ಚು ತುಂಡಾಯಿತು. ಗಾಡಿ ಒಂದು ಮಗ್ಗುಲಿಗೆ ವಾಲಿತು. ವಿಜಯಾಬಾಯಿ ಕೈಯೂರಿ ಬಿದ್ದಳು. ಜೋಳದ ಸಿವುಡು ಹೇರಿದ್ದ ಬಂಡಿಯೊಂದು ಬಂದು ಅವರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಹೊತ್ತು ಮುಳುಗಿತ್ತು. ನಡುವೆ ಒಂದು ಊರಲ್ಲಿ ಕೈ ಕಟ್ಟಿಸಿಕೊಂಡು ಶುಕ್ರವಾರ ಮಧ್ಯಾಹ್ನ ಸಿರುಗುಪ್ಪ ಸೇರಿದಾಗ ಹೊಳೆಯ ಕಡೆಗೆ ಹೋದವರು ಮಿಂದು ತಿರುಗಿ ಬರುತ್ತಿದ್ದರು. ಅವಳು ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ತಾಯಿಯ ಖಾಲಿ ಚಾಪೆಯ ಹತ್ತಿರ ಕೂತಳು. "ದಾರಿ ಕೆಟ್ಟಿತ್ತು" ಎಂದು ಅವನು ಎಲ್ಲರಿಗೂ ಹೇಳಿದ. ಹೇಳುತ್ತಾ ಜಡೆಪ್ಪನ ಕಡೆ ನೋಡಿದ. ಜಡೆಪ್ಪ ಕುದುರೆಯ ಬೆನ್ನು ಒರೆಸುತ್ತಿದ್ದ. ಮುಂದಿನ ತಿಂಗಳು ಯಾರೂ ಕೇಳದೆಯೇ ಜಡೆಪ್ಪನ ಸಂಬಳ ಏರಿತು. ಯಾಕೆಂದು ಜಡೆಪ್ಪ ಕೇಳಲಿಲ್ಲ.

"ಮಜ್ಜಿಗೆ?" ಅಂದಳು ವಿಜಯಾಬಾಯಿ.

"ಸಾಕು."

ಸಂಜೆ ಅವನು ಕೌಲ್ ಬಜಾರಿಗೆ ಹೋದ. ಎರ್ರಣ್ಣನ ಕುಲುಮೆಯ ಮುಂದೆ ಮಸಿ, ಕಾದ ಕಬ್ಬಿಣ, ಕುದುರೆ ಲದ್ದಿಯ ವಾಸನೆ ಕಲೆತು ನಿಂತಿತ್ತು. ಹೊಸ ಗಾಲಿಗೆ ಹಳಿ ತೊಡಿಸುತ್ತಿದ್ದರು. ಕೆಂಪಗೆ ಕಾದ ಬಳೆ ಮರವನ್ನು ಕಚ್ಚಿ ಹೊಗೆಯೇಳುತ್ತಿತ್ತು, ನೀರು ಸುರಿದ ಕೂಡಲೇ ಬುಸುಗುಟ್ಟಿತು. ಯಾವನೋ ಸಾಹೇಬನ ಬಟ್ಲರ್ ಒಬ್ಬ ಕಟ್ಟೆಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಎರ್ರಣ್ಣ ಅರವತ್ತರ ಹತ್ತಿರದವನು, ಸುಟ್ಟ ಮುಂಗೈ, ಹುಬ್ಬಿನ ಕೂದಲು ಬೆಂಕಿಗೆ ಅರ್ಧ ಹೋಗಿತ್ತು. "ರಾಂಡಿ, ರಾಂಡಿ" ಎಂದು ತೆಲುಗಿನಲ್ಲಿ ಕರೆದು, ಸಣ್ಣ ಸುತ್ತಿಗೆಯೊಂದನ್ನು ಎತ್ತಿಕೊಂಡು, ಗಾಡಿಯ ಅಡಿಗೆ ಬಗ್ಗಿದ. ಅಚ್ಚಿನ ಒಂದು ತುದಿಗೆ ಬಡಿದ. ಗಂಟೆಯ ಹಾಗೆ ಸದ್ದು ಬಂತು. ನಡುವಿಗೆ ಬಡಿದ. ಒಡೆದ ಗಡಿಗೆಯ ಸದ್ದು.

"ಕೇಳಿದ್ರಾ? ನಾನ ಬೆಸದಿದ್ದು, ಆದ್ರೂ ಬೆಸುಗಿ ಬೆಸುಗಿನ. ಗಾಡಿ ಅಂತ ಇದನ್ನ ತಗಳಾಕ ಬರಂಗಿಲ್ಲ ರಾಯರ. ಮುರದು ಹಾಕಬೇಕು. ಕಬ್ಬಿಣ, ಹಿತ್ತಾಳಿ, ಕಮಾನು, ಅಷ್ಟರ ಬೆಲಿ ಹೊಸ ಗಾಡ್ಯಾಗ ಹಿಡಕಂತೀನಿ."

"ಗಾದಿ ಅದ. ಲಾಟೀನು ಅದಾವ," ಅಂದ ಪ್ರಹ್ಲಾದರಾಯ. ಮುನಸೀಫರ ಮುಂದೆ ಹರಿಯುತ್ತಿದ್ದ ಅವನ ಮಾತು ಇಲ್ಲಿ ತರಕಾರಿ ಚೌಕಾಸಿಯ ಹಾಗೆ ಕೇಳಿಸಿತು. ಬಟ್ಲರ್ ಈ ಕಡೆ ತಿರುಗಿ ನೋಡಿದ.

"ಗಾದ್ಯಾಗ ಇಲಿ ಮರಿ ಹಾಕ್ಯಾವ."

"ಕುರುಗೋಡಿನವರು ಒಬ್ಬರು ಕೇಳ್ಯಾರ. ಒಳ್ಳೆ ಬೆಲಿ ಕೊಡ್ತಾರ."

"ಹಂಗಾದ್ರ ಅವ್ರಿಗೇ ಕೊಡ್ರಿ. ನಾ ಯಾಕ ಬ್ಯಾಡ ಅನ್ನಲಿ?" ಎರ್ರಣ್ಣ ಸುತ್ತಿಗೆಯನ್ನು ಕಟ್ಟೆಗೆ ಒರಗಿಸಿ, ದನಿ ತಗ್ಗಿಸಿದ. "ಅವ್ರು ಬಡದು ನೋಡಂಗಿಲ್ಲ. ನೀವು ಹೇಳಿದ್ರ ನಂಬ್ತಾರ."

ಆ ರಾತ್ರಿಯೆಲ್ಲ ಪ್ರಹ್ಲಾದರಾಯ ಎರಡೂ ಪಕ್ಷಗಳ ವಕಾಲತ್ತು ತಾನೇ ವಹಿಸಿಕೊಂಡು ವಾದ ಮಾಡಿದ. ಕೊಳ್ಳುವವನು ನೋಡಿ ಕೊಳ್ಳಬೇಕು, ಅದು ಅವನ ಜವಾಬ್ದಾರಿ. ಬೆಸೆದ ಅಚ್ಚು ಎರಡು ವರ್ಷ ಊರೊಳಗೆ ಓಡಿದೆ, ಏನೂ ಆಗಿಲ್ಲ. ಕಬ್ಬಿಣ ಮುರಿದ ಕಡೆ ಬೆಸೆದರೆ ಇನ್ನೂ ಗಟ್ಟಿಯಾಗುತ್ತದೆಂದು ಯಾರೋ ಹೇಳಿದ್ದರಲ್ಲ. ಯಾರು? ನೆನಪಾಗಲಿಲ್ಲ. ಬಹುಶಃ ತಾನೇ ಯಾರಿಗೋ ಹೇಳಿದ್ದು. ಪಕ್ಕದಲ್ಲಿ ವಿಜಯಾಬಾಯಿ ನಿದ್ದೆಯಲ್ಲಿ ಎಡಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದ್ದಳು. ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದ: ಮರಿಬಸಪ್ಪನಿಗೆ ಮಾರುವುದು, ಅಚ್ಚಿನ ವಿಷಯ ತಾನಾಗಿ ಎತ್ತುವುದು ಬೇಡ, ಅವನೇ ಕೇಳಿದರೆ ಸುಳ್ಳು ಹೇಳುವುದು ಬೇಡ. ಇದು ನ್ಯಾಯವಾದ ಮಾತೆನಿಸಿ ನಿದ್ದೆ ಹತ್ತಿತು.

ಮರಿಬಸಪ್ಪ ಬೆಳಿಗ್ಗೆಯೇ ಬಂದ. ಎತ್ತರದ ಆಳು, ಹಣೆಯ ಮೇಲೆ ಅಗಲವಾದ ವಿಭೂತಿ, ಕಂಕುಳಲ್ಲಿ ಬಟ್ಟೆಯ ಗಂಟು. "ಅಮ್ಮಾರಿಗೆ ದೇವ್ರ ಬತ್ತಿ ಮಾಡಾಕ," ಎಂದು ಗಂಟನ್ನು ಪಡಸಾಲೆಯ ಕಂಬದ ಹತ್ತಿರ ಇಟ್ಟ. ಬೀಜ ತೆಗೆದ ಹೊಸ ಹತ್ತಿ. ಮಾತು ಕುರುಗೋಡಿನ ಮಳೆ, ಈ ಸಲದ ಹತ್ತಿಯ ದರ ಎಂದು ಸುತ್ತು ಹೊಡೆದು ಗಾಡಿಗೆ ಬಂತು. ಅಂಗಳಕ್ಕೆ ಬಂದು ಅವನು ಗಾಡಿಯ ಬಾಗಿಲು ತೆಗೆದು, ಜೋಡು ಬಿಟ್ಟು, ಒಳಗೆ ಕೂತು, ಮೈಯನ್ನು ಆಚೆ ಈಚೆ ತೂಗಿ ನೋಡಿದ. ಕಮಾನು ಮೆಲ್ಲಗೆ ತಗ್ಗಿ ಎದ್ದಿತು. ಅವನ ದೊಡ್ಡ ಮುಖದ ಮೇಲೆ ಸಣ್ಣ ಹುಡುಗರ ಖುಷಿ ಕಾಣಿಸಿಕೊಂಡಿತು.

"ಸಿರುಗುಪ್ಪದಾಗ ಅವ್ವನ ತಂಗಿ ಅದಾಳ ರಾಯರ. ಇಬ್ರೂ ಮಾರಿ ನೋಡಿ ಆರು ವರ್ಷ ಆತು. ಇದ್ರಾಗ ಕುಂತ್ರ ಅವ್ವ ಮಲಕ್ಕೊಂಡ ಹೋಗಿ ಮಲಕ್ಕೊಂಡ ಬರ್ತಾಳ. ನಾ ಏನೂ ನೋಡಂಗಿಲ್ಲ. ನೀವು ಹೇಳಿದ್ದ ಬೆಲಿ."

ಅವನು ಕೇಳಲಿಲ್ಲ. ಬಡಿದು ನೋಡಲಿಲ್ಲ. ಗಾಲಿ ತಿರುಗಿಸಿ ಕೂಡ ನೋಡಲಿಲ್ಲ. ರಾತ್ರಿ ಅಷ್ಟು ಕಷ್ಟಪಟ್ಟು ಕಟ್ಟಿದ ನ್ಯಾಯಕ್ಕೆ ಸರಿಯಾಗಿ ಎಲ್ಲವೂ ನಡೆಯುತ್ತಿತ್ತು. ಪ್ರಹ್ಲಾದರಾಯ ಬೆಲೆ ಹೇಳಬೇಕೆಂದು ಬಾಯಿ ತೆರೆದ. ತೆರೆದ ಬಾಯಿಗೆ ಬಂದದ್ದು ಬೇರೆ. ಅದು ಕರುಣೆಯಿಂದ ಬಂತೋ, ಸಿರುಗುಪ್ಪ ಅನ್ನುವ ಹೆಸರು ಕೇಳಿದ್ದಕ್ಕೆ ಬಂತೋ, ಅಥವಾ ತನ್ನನ್ನು ಇಷ್ಟು ಸುಲಭವಾಗಿ ನಂಬಿದವನ ಮೇಲಿನ ಸಿಟ್ಟಿನಿಂದ ಬಂತೋ, ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

"ಮರಿಬಸಪ್ಪನವರ, ಈ ಗಾಡಿ ನಿಮಗ ಬ್ಯಾಡ. ಅಚ್ಚು ಮುರದು ಬೆಸದದ್ದು. ದೂರ ದಾರಿಗೆ ತಡಿಯೋದಿಲ್ಲ."

ಮರಿಬಸಪ್ಪ ಗಾದಿಯ ಮೇಲೆ ಕೂತಲ್ಲಿಂದಲೇ ಅವನನ್ನು ನೋಡಿದ. ಖುಷಿ ಮುಖದ ಮೇಲಿಂದ ಒಮ್ಮೆಲೇ ಹೋಗಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಆರಿತು.

"ಎರ್ರಣ್ಣ ಎಷ್ಟಕ್ಕ ಕೇಳ್ಯಾನ?"

"ಎರ್ರಣ್ಣನ ಮಾತಲ್ಲ. ನಿಮ್ಮ ತಾಯಿ..."

"ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ. ನಾ ಬ್ಯಾಸರ ಮಾಡ್ಕಳಂಗಿಲ್ಲ. ಇದಕ್ಯಾಕ ಅಚ್ಚು, ಬೆಸುಗಿ?"

"ನಾನು ಖರೇನ ಹೇಳ್ತಿದ್ದೀನಿ."

ಮರಿಬಸಪ್ಪ ಗಾಡಿಯಿಂದ ಇಳಿದು ಜೋಡು ಮೆಟ್ಟಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಗೌರವವೇ ಇತ್ತು. "ನನ್ನ ಹೊಲದ ದಾವೇದಾಗ ನೀವು ಹಿಂಗ ಮಾತಾಡಿದ್ರಿ. ಇದ ದನಿ, ಹಿಂಗ ಕಣ್ಣಾಗ ಕಣ್ಣಿಟ್ಟು. ಆ ಗಡಿಕಲ್ಲು ನಾನ ರಾತ್ರೋರಾತ್ರಿ ಕಿತ್ತಿಸಿ ಒಗಸಿದ್ದೆ. ನೀವು ಹೇಳೋದು ಕೇಳ್ತಾ ಕೇಳ್ತಾ, ಅಲ್ಲಿ ಕಲ್ಲು ಇರಲೇ ಇಲ್ಲೇನೋ ಅಂತ ನನಗ ಅನ್ನಿಸಿಬಿಡ್ತು. ಅಂಥಾ ಬಾಯಿ ನಿಮ್ದು."

ಆ ದಾವೆಗಾಗಿ ಪ್ರಹ್ಲಾದರಾಯ ಒಬ್ಬ ಕುರುಬನನ್ನು ಸುಳ್ಳುಸಾಕ್ಷಿಗೆ ಹಿಡಿದು, ಮೂರು ದಿನ ಇದೇ ಪಡಸಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಟ್ಟಿದ್ದ. ಎಲ್ಲಿ ತಡವರಿಸಬೇಕು, ಎಲ್ಲಿ ಸಿಟ್ಟಿಗೇಳಬೇಕು, ಯಾವ ಪ್ರಶ್ನೆಗೆ ಕಣ್ಣಲ್ಲಿ ನೀರು ತಂದುಕೊಳ್ಳಬೇಕು. ಗೆದ್ದ ದಿನ ಮರಿಬಸಪ್ಪ ಅವನ ಕಾಲು ಮುಟ್ಟಿದ್ದ. ಈಗ ಅದೇ ಮನುಷ್ಯ ಎದುರು ನಿಂತು, ಇವನು ವರ್ಷಗಳ ಮೇಲೆ ಆಡಿದ ಒಂದು ನಿಜವನ್ನು ಕಸುಬಿನವರ ಕೆಲಸ ನೋಡುವ ಹಾಗೆ ಮೆಚ್ಚಿಕೊಂಡು ನೋಡುತ್ತಿದ್ದಾನೆ. ಪ್ರಹ್ಲಾದರಾಯನಿಗೆ ಹೇಗಾದರೂ ನಂಬಿಸಲೇಬೇಕೆನ್ನುವ ಹಟ ಹತ್ತಿತು. ಗಾಡಿಯೂ ಮರೆತುಹೋಯಿತು, ಗಾದೆಮ್ಮನೂ ಮರೆತುಹೋದಳು.

"ಕೇಳ್ರಿ ಇಲ್ಲಿ. ಎರಡು ವರ್ಷದ ಹಿಂದ ನಮ್ಮ ಅತ್ತಿಯವರಿಗೆ ಜಡ್ಡಾಗಿತ್ತು. ಇದೇ ಗಾಡ್ಯಾಗ ಸಿರುಗುಪ್ಪಕ್ಕ ಹೊರಟ್ವಿ. ದಾರ್ಯಾಗ ಅಚ್ಚು ಮುರದು ನಮ್ಮ ಮನಿಯವರ ಕೈ ಮುರೀತು. ನಾವು ಮುಟ್ಟೋದರಾಗ ಅತ್ತಿಯವರು ಹೋಗಿಬಿಟ್ಟಿದ್ರು. ಹೊರಡೋ ಹಿಂದಿನ ಸಂಜಿಗೆ ಎರ್ರಣ್ಣ ಬ್ಯಾಡ ಅಂದಿದ್ದ, ಅಚ್ಚು ಸೀಳ್ಯದ ಅಂತ. ನನಗ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಮಾವನ ಮನಿ ಮುಂದ ಗಾಡಿ ನಿಲ್ಲಿಸಬೇಕಾಗಿತ್ತು ನನಗ."

ಹೇಳುತ್ತಿದ್ದಾಗಲೇ, ಮಾತು ಚೆನ್ನಾಗಿ ಬಂತೆಂದು ಅವನೊಳಗಿನ ವಕೀಲ ಗಮನಿಸಿದ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದ, ದನಿ ಎಲ್ಲಿ ತಗ್ಗಬೇಕೋ ಅಲ್ಲಿ ತಗ್ಗಿತ್ತು. ಅದೇ ಗಳಿಗೆಯಲ್ಲಿ, ಅಲ್ಲಿಯವರೆಗೆ ಒಳಗೆ ಒಂದೇ ಸಮನೆ ಕೇಳುತ್ತಿದ್ದ ಬೀಸುಕಲ್ಲಿನ ಸದ್ದು ನಿಂತುಹೋದದ್ದು ಅವನಿಗೆ ತಿಳಿಯಿತು.

ಮರಿಬಸಪ್ಪ ತಲೆಯಾಡಿಸಿದ. "ಅಮ್ಮಾರ ಕೈ ಸೈತ ನಡಕ ತಂದ್ರಿ. ಆತು ಬಿಡ್ರಿ ರಾಯರ. ಮನಿ ಹೆಣ್ಮಕ್ಳ ಸುದ್ದಿ ತಂದು ಹೇಳೋವಷ್ಟು ಕೊಡಾಕ ಮನಸಿಲ್ಲಂದ್ರ, ನನಗ್ಯಾಕ ಬೇಕು ನಿಮ್ಮ ಗಾಡಿ?" ಕೈಮುಗಿದು, ಹಿಂದಿರುಗಿ ನೋಡದೆ ಅಂಗಳ ದಾಟಿ ಹೋದ.

ಬೀಸುಕಲ್ಲು ಮತ್ತೆ ತಿರುಗಲಿಲ್ಲ. ಪ್ರಹ್ಲಾದರಾಯ ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಕೋರ್ಟಿಗೆ ಹೊತ್ತಾಗುತ್ತಿತ್ತು. ಏಳಲಿಲ್ಲ. ಒಳಗೆ ಹೋಗಲೂ ಧೈರ್ಯವಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ವಿಜಯಾಬಾಯಿ ತಾನೇ ಹೊರಗೆ ಬಂದಳು. ಕೈಗಳಿಗೆ ಇನ್ನೂ ಹಿಟ್ಟು ಹತ್ತಿತ್ತು. ಹೊಸ್ತಿಲ ಹತ್ತಿರ ನಿಂತಳು.

"ಬುಧವಾರ ಸಂಜಿಗೇ ಹೇಳಿದ್ನೇನು ಎರ್ರಣ್ಣ?"

"ಹೌದು."

"ಪಕ್ಕದ ಮನಿಯವರ ದಮನಿ ಮನ್ಯಾಗ ಇತ್ತಲ್ಲ ಆವಾಗ."

ಅವನು ಹತ್ತಿಯ ಗಂಟಿನ ಕಡೆ ತಿರುಗಿದ.

"ಬುಧವಾರ ರಾತ್ರಿ ಬ್ಯಾಡ, ಗುರುವಾರ ಬೆಳಿಗ್ಗೆ ಎತ್ತು ಕಟ್ಟಿದ್ರೂ ರಾತ್ರಿಗೆ ಮುಟ್ತಿದ್ವಿ." ಅವಳು ಅಳುತ್ತಿರಲಿಲ್ಲ. ದಾರಿಯ ಲೆಕ್ಕ ಹಾಕುವವಳಂತೆ ನಿಧಾನವಾಗಿ ಹೇಳುತ್ತಿದ್ದಳು. "ಅವ್ವ ಶುಕ್ರವಾರ ನಸುಕಿನತನಕ ಇದ್ದಳಂತ. ಗಾಲಿ ಸದ್ದಾದಾಗೆಲ್ಲ ವಿಜಿ ಬಂದಳೇನು ನೋಡ್ರಿ ಅಂತಿದ್ದಳಂತ. ದಾರಿ ಕೆಟ್ಟಿದ್ರ ಯಾರೇನು ಮಾಡ್ಲಿಕ್ಕಾಗ್ತದ ಅಂತ ನಾನ ಅಣ್ಣಗ ಹೇಳಿದ್ದೆ."

ಆಮೇಲೆ ಬಗ್ಗಿ, ಬಲಗೈಯಿಂದ ಹತ್ತಿಯ ಗಂಟನ್ನು ಎತ್ತಿಕೊಂಡು, "ಸ್ನಾನಕ್ಕ ನೀರು ಕಾದದ. ಏಳ್ರಿ, ಕಚೇರಿಗೆ ಹೊತ್ತಾತು" ಎಂದು ಒಳಗೆ ಹೋದಳು. ಅಷ್ಟೇ. ಬೈದಿದ್ದರೆ, ಊಟ ಬಿಟ್ಟಿದ್ದರೆ, ಸಿರುಗುಪ್ಪಕ್ಕೆ ಹೊರಟು ನಿಂತಿದ್ದರೆ ಅವನು ವಾದ ಮಾಡಬಹುದಿತ್ತು, ಕ್ಷಮೆ ಕೇಳಬಹುದಿತ್ತು. ಯಾರು ನಂಬಬೇಕೆಂದು ಹೇಳಿದನೋ ಅವನು ನಂಬಲಿಲ್ಲ. ಯಾರಿಗೆ ಹೇಳಿರಲಿಲ್ಲವೋ ಅವಳು ಒಂದಕ್ಷರವನ್ನೂ ಅನುಮಾನಿಸಲಿಲ್ಲ.

ಮರುದಿನ ಅವನು ಗಾಡಿಯನ್ನು ಕೌಲ್ ಬಜಾರಿಗೆ ಒಯ್ದು ಎರ್ರಣ್ಣ ಹೇಳಿದ ಬೆಲೆಗೆ ಒಪ್ಪಿಕೊಂಡ. ಚೌಕಾಸಿ ಮಾಡದ್ದಕ್ಕೆ ಎರ್ರಣ್ಣನಿಗೇ ಇರುಸುಮುರುಸಾಯಿತು. "ಮುರದೇ ಹಾಕ್ತೀಯಲ್ಲ?" ಎಂದು ಪ್ರಹ್ಲಾದರಾಯ ಹೊರಡುವಾಗ ಕೇಳಿದ. "ಬಿಟ್ಟು ಕೊಟ್ರಲ್ಲ, ಇನ್ನ ನಿಮಗ್ಯಾಕ ಆ ಚಿಂತಿ?" ಅಂದ ಎರ್ರಣ್ಣ. ಉತ್ತರ ಸಾಲದೆಂದು ತಿಳಿದೂ ಅವನು ಇನ್ನೊಮ್ಮೆ ಕೇಳಲಿಲ್ಲ. ಮೂರು ವಾರದಲ್ಲಿ ಹೊಸ ಸಾರೋಟು ಬಂತು, ಕರಿಬಣ್ಣದ್ದು, ಎಣ್ಣೆಯಲ್ಲಿ ಜಾರಿದ ಹಾಗೆ ಸದ್ದಿಲ್ಲದೆ ಓಡುವಂಥದ್ದು. ಕೋರ್ಟಿನ ಅಂಗಳದಲ್ಲಿ ಅದನ್ನು ಯಾರೂ ತಲೆಯೆತ್ತಿ ನೋಡಲಿಲ್ಲ. ಆ ಹೊತ್ತಿಗೆ ಇನ್ನೂ ನಾಲ್ಕು ಜನ ವಕೀಲರು ಅಂಥದ್ದೇ ಇಟ್ಟಿದ್ದರು. ಮಠದಲ್ಲಿ ಆರಾಧನೆಯ ದಿನ ಅವನು ಗಾಡಿಯ ಬಾಗಿಲು ತಾನೇ ತೆಗೆದು ನಿಂತ. ವಿಜಯಾಬಾಯಿ ಸೀರೆಯ ಸೆರಗು ಹೊದ್ದು ಪಕ್ಕದಿಂದ ನಡೆದು ಹೋದಳು. "ದೂರೇನದ? ಕಾಲು ಗಟ್ಟಿ ಅದಾವಲ್ಲ," ಅಂದಳು. ಜಡೆಪ್ಪ ಲಗಾಮು ಹಿಡಿದು ಮುಂದೆ ನೋಡುತ್ತಾ ಕೂತಿದ್ದ. ಓಣಿಯುದ್ದಕ್ಕೂ ಹೆಂಡತಿ ಮುಂದೆ, ಗಾಡಿಯಲ್ಲಿ ಒಬ್ಬನೇ ಕೂತ ಗಂಡ ಹಿಂದೆ. ಜನ ನೋಡಿದರು. ಅದಾದ ಮೇಲೆ ಅವನು ಅವಳನ್ನು ಕರೆಯಲಿಲ್ಲ, ಅವಳು ಹತ್ತಲಿಲ್ಲ. ಮನೆಯಲ್ಲಿ ಮಾತು ಎಂದಿನಂತೆಯೇ ನಡೆಯುತ್ತಿತ್ತು: ಬಡಿಸಲೇನು, ಸಾಕು, ನೀರು ಕಾದದ.

ಎರಡು ತಿಂಗಳ ಮೇಲೆ ಕೋರ್ಟು ಅವನನ್ನು ಕುರುಗೋಡಿನಲ್ಲಿ ಒಂದು ಹೊಲದ ಅಳತೆ ನೋಡಿ ಬರಲು ಕಮಿಷನರಾಗಿ ನೇಮಿಸಿತು. ಬೆಳಗಿನ ಹೊತ್ತು, ಕೊಳಗಲ್ಲು ದಾಟಿ, ಮುಂದಿನ ಹಳ್ಳವನ್ನೂ ದಾಟಿ ಗಾಡಿ ದಂಡೆ ಏರಿತ್ತು. ಎರೆಹೊಲಗಳಲ್ಲಿ ಜೋಳ ಮೊಣಕಾಲೆತ್ತರ ಬಂದಿತ್ತು. ಎದುರಿನಿಂದ ಒಂದು ಸಾರೋಟು ಬರುತ್ತಿತ್ತು. ಹಸಿರು ಬಣ್ಣ, ಅಂಚಿಗೆ ಹಳದಿ ಗೆರೆ. ಪ್ರಹ್ಲಾದರಾಯ ಅದನ್ನು ಗುರುತಿಸಲಿಲ್ಲ. ಜಡೆಪ್ಪ ಕುದುರೆಯನ್ನು ಎಳೆದು ನಿಲ್ಲಿಸಿ, "ರಾಯರ, ನಮ್ಮ ಗಾಡಿ" ಅಂದ.

ಹೊಡೆಯುವವನ ಪಕ್ಕದಲ್ಲಿ ಮರಿಬಸಪ್ಪ ಕೂತಿದ್ದ. ಗಾಡಿ ನಿಲ್ಲಿಸಿ ಕೈಮುಗಿದ. ನಗುವಿನಲ್ಲಿ ಹಗೆಯಿರಲಿಲ್ಲ, ಗೆದ್ದವನ ಔದಾರ್ಯವಿತ್ತು.

"ನೀವು ಕೊಡಲಿಲ್ಲ, ಎರ್ರಣ್ಣ ಕೊಟ್ಟ. ನಾಕು ರೂಪಾಯಿ ಹೆಚ್ಚಿಗಿ ಹೋತು, ಹೋಗ್ಲಿ. ಎರಡು ಸಲ ಸಿರುಗುಪ್ಪಕ್ಕ ಹೋಗಿ ಬಂದ್ವಿ ರಾಯರ. ಈಗ ಅವ್ವಗ ಬಳ್ಳಾರ್‍ಯಾಗ ರೈಲು ನೋಡಬೇಕಂತ."

ಒಳಗಿನಿಂದ ಸುಕ್ಕುಗಟ್ಟಿದ ಮುಖವೊಂದು ಹೊರಗೆ ಬಗ್ಗಿತು. ಗಾದೆಮ್ಮನ ಬಾಯಲ್ಲಿ ಹಲ್ಲಿರಲಿಲ್ಲ, ಕಣ್ಣು ಮಾತ್ರ ಮಿನುಗುತ್ತಿದ್ದವು. "ನಿಂದಂತಲ್ಲಪ್ಪ ಇದು? ತೊಟ್ಲಾಗ ಕುಂತಂಗ ಐತಿ ನೋಡು. ನಿನ್ನ ಹೊಟ್ಟಿ ತಣ್ಣಗಿರ್ಲಿ," ಎಂದು ಒಣಗಿದ ಕೈಯನ್ನು ಅವನ ತಲೆಯ ಕಡೆ ಚಾಚಿದಳು.

ಪ್ರಹ್ಲಾದರಾಯ ಕೈಮುಗಿದ. "ಎರ್ರಣ್ಣ ಅಚ್ಚು ಬದಲಿ ಮಾಡ್ಯಾನೇನು?" ಎಂದು ಕೇಳಿದ.

ಮರಿಬಸಪ್ಪ ನಕ್ಕುಬಿಟ್ಟ. "ಮತ್ತ ಸುರು ಮಾಡಿದ್ರಿ?" ಎಂದು, ಹೊಡೆಯುವವನ ಭುಜ ತಟ್ಟಿದ. ಹಸಿರು ಗಾಡಿ ಮುಂದೆ ಸಾಗಿತು. ಸದ್ದು ಅದೇ, ಬಣ್ಣದ ಅಡಿಯಿಂದ ಬರುವ ಅದೇ ಉದ್ದನೆಯ ಕಿರುಗುಟ್ಟು.

"ತಡಿ," ಅಂದ ಪ್ರಹ್ಲಾದರಾಯ ಜಡೆಪ್ಪನಿಗೆ. ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ನೋಡಿದ. ಗಾಡಿ ಹಳ್ಳಕ್ಕೆ ಇಳಿಯಿತು. ಮೊಣಕಾಲುದ್ದ ನೀರು, ಅಡಿಯಲ್ಲಿ ಗುಂಡುಕಲ್ಲು. ಮುಂದಿನ ಗಾಲಿ ಒಂದು ಕಲ್ಲನ್ನು ಏರಿತು. ಗಾಡಿ ಎಡಕ್ಕೆ ವಾಲಿತು, ಒಳಗಿನಿಂದ ಮುದುಕಿಯ ಕೂಗೋ ನಗುವೋ ಕೇಳಿತು. ಪ್ರಹ್ಲಾದರಾಯನ ಬೆರಳುಗಳು ಗಾದಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು, ಉಸಿರು ನಿಂತಿತ್ತು. ಓಡಿಹೋಗಿ ಹಿಡಿಯಬೇಕೆಂದು ನಿಂತ ಉಸಿರಲ್ಲ ಅದು. ಸಾಕ್ಷಿಯ ಬಾಯಿಂದ ತನಗೆ ಬೇಕಾದ ಒಂದು ಮಾತು ಇನ್ನೇನು ಹೊರಬೀಳುತ್ತದೆ ಅನ್ನುವಾಗ ಹೀಗೆ ನಿಲ್ಲುತ್ತಿತ್ತು. ಈಗ, ಈಗ, ಎಂದು ಒಳಗೆ ಯಾರೋ ಹೇಳುತ್ತಿದ್ದರು. ಗಾಲಿ ಕಲ್ಲಿನಿಂದ ಇಳಿಯಿತು. ಗಾಡಿ ನೆಟ್ಟಗಾಗಿ, ನೀರು ಸೋರಿಸುತ್ತಾ, ಆಚೆಯ ದಂಡೆಯನ್ನು ಏರಿ, ಜಾಲಿ ಗಿಡಗಳ ಹಿಂದೆ ಮರೆಯಾಯಿತು.

"ದಾಟಿತು ಬಿಡ್ರಿ," ಅಂದ ಜಡೆಪ್ಪ. ಅವನ ದನಿಯಲ್ಲಿ ಭಾರ ಇಳಿದಿತ್ತು. "ಎರ್ರಣ್ಣ ಹೊಸಾ ಅಚ್ಚು ಹಾಕಿರಬೇಕು."

"ಹಾಕಿರಲಿಕ್ಕಿಲ್ಲ," ಅಂದ ಪ್ರಹ್ಲಾದರಾಯ.

ತನ್ನ ದನಿಯಲ್ಲಿದ್ದ ಆಸೆ ಅವನಿಗೇ ಕೇಳಿಸಿತು. ಜಡೆಪ್ಪನಿಗೂ ಕೇಳಿಸಿರಬೇಕು. ಅವನು ಒಮ್ಮೆ ತಿರುಗಿ ದಣಿಯ ಮುಖವನ್ನು ನೋಡಿ, ಲಗಾಮು ಎತ್ತಿದ.